ಹೇಳಿ ಹೋದವಳ ಕುರ್ಚಿ

ಸಾನ್ ಲೂಯಿಸ್, ಅರಿಜೋನ
ನವೆಂಬರ್ 23

ಕಾಲೇಜಿನ ಅಡುಗೆಮನೆಯ ಮೇಷ್ಟ್ರಮ್ಮ ಒಫೇಲಿಯಾ ಅವರಿಗೆ,

ಲೆಟಿಸ್ ಕೊಯ್ಯುವ ಫಿಲೆಮೋನ್ ಬರಾಗಾನ್ ಟೋಪಿ ತೆಗೆದು ಮಾಡುವ ನಮಸ್ಕಾರ. ಟೋಪಿ ತೆಗೆದದ್ದು ನಿಮಗೆ ಕಾಣುವುದಿಲ್ಲವಾದ್ದರಿಂದ ಬರೆದು ತಿಳಿಸುತ್ತಿದ್ದೇನೆ.

ನಾವೆಲ್ಲ ಸುಖವಾಗಿ ಬಂದು ತಲುಪಿದೆವು. ನಾವೆಲ್ಲ ಎಂದರೆ ನಾನು, ನನ್ನ ಹೆಂಡತಿ ಚಾಯೊ, ನಿಮ್ಮ ಶಿಷ್ಯೆಯಾದ ನನ್ನ ಮಗಳು ಯುರಿದಿಯಾ, ಅಂದರೆ ನಮ್ಮ ಯೂರಿ, ಮತ್ತೆ ಚಾಯೊ ಎಲ್ಲಿಗೆ ಹೋದರೂ ಬಿಡದೆ ತೊಡೆಯ ಮೇಲೆ ಕೂರಿಸಿಕೊಂಡು ಬರುವ ಬೀನ್ಸ್ ಬೇಯಿಸುವ ಮಡಕೆ. ಲೆಟಿಸ್ ಚಳಿಗೆ ಹೆದರಿ ನವೆಂಬರಿನಲ್ಲಿ ದಕ್ಷಿಣಕ್ಕೆ ಓಡುತ್ತದೆ, ಅದರ ಹಿಂದೆ ನಾವು ಓಡುತ್ತೇವೆ. ಏಪ್ರಿಲಿನಲ್ಲಿ ಬಿಸಿಲಿಗೆ ಹೆದರಿ ವಾಪಸು ಕ್ಯಾಲಿಫೋರ್ನಿಯದ ನಿಮ್ಮ ಕಣಿವೆಗೆ ಓಡುತ್ತದೆ, ಆಗಲೂ ಹಿಂದೆ ನಾವೇ. ಇಷ್ಟು ಪುಕ್ಕಲು ಸೊಪ್ಪನ್ನು ನಂಬಿ ಸಂಸಾರ ಹೂಡಿದವರು ಲೋಕದಲ್ಲಿ ಇನ್ನಾರಿದ್ದಾರೆ! ಇಡೀ ಅಮೆರಿಕದ ತಟ್ಟೆಗೆ ಸೊಪ್ಪು ಹಾಕುವವರು ನಾವು. ನಮಗೆ ಸೊಪ್ಪು ಹಾಕಿದವರು ಆ ಕಾಲೇಜಿನಲ್ಲಿ ನೀವೊಬ್ಬರೇ.

ಫೋನು ಮಾಡಬಹುದಿತ್ತು. ಆದರೆ ಈ ಬಿಡಾರದಲ್ಲಿ ಫೋನಿನಲ್ಲಿ ಮಾತಾಡಿದರೆ ಇಡೀ ತಂಡ ಕೇಳಿಸಿಕೊಂಡು, ಮಾರನೆಯ ದಿನ ಹೊಲದಲ್ಲಿ ತಿದ್ದುಪಡಿ ಸೂಚಿಸುತ್ತದೆ.

ಈಗ ವಿಷಯ. ಕಳೆದ ವರ್ಷ ಯೂರಿ ನರ್ಸಿಂಗಿನ ಮೊದಲ ವರ್ಷದಲ್ಲಿದ್ದಾಗ ಎಲ್ಲ ನೀವೇ ನೋಡಿಕೊಂಡಿರಿ. ಪಾಠಗಳು ಕಂಪ್ಯೂಟರಿನಲ್ಲಿ ಇಲ್ಲಿಗೇ ಬಂದವು, ಪರೀಕ್ಷೆಯನ್ನು ಇಲ್ಲಿಯ ಲೈಬ್ರರಿಯಲ್ಲಿ ಕೂರಿಸಿ ಬರೆಸಿದಿರಿ, ಪಕ್ಕದ ಊರು ಯೂಮಾದ ಆಸ್ಪತ್ರೆಯಲ್ಲಿ ರೋಗಿಗಳ ಕೈ ಹಿಡಿಯುವ ಅಭ್ಯಾಸಕ್ಕೂ ಏರ್ಪಾಡು ಮಾಡಿದಿರಿ. ನಮ್ಮನ್ನು ಆಫೀಸಿನ ಹತ್ತಿರಕ್ಕೂ ಬಿಡಲಿಲ್ಲ. ನಿಮಗೆ ಅಷ್ಟೊಂದು ತೊಂದರೆ ಕೊಟ್ಟೆವಲ್ಲ ಎಂದು ಚಾಯೊಗೆ ವರ್ಷವಿಡೀ ಸಂಕೋಚ. ಈ ಸಲ ಹೊರಡುವ ಮುಂಚೆ ಬಂದರೆ, ನೀವು ಕೂಲಿಯವರ ಮಕ್ಕಳಿಗೆ ಕಾಫಿ ಕೊಟ್ಟು ದಾರಿ ಹೇಳುತ್ತಿದ್ದ ಆ ಅಡುಗೆಮನೆಗೆ ಬೀಗ! ಬಾಗಿಲ ಮೇಲೆ ನನಗೆ ಓದಲು ಬಾರದ ಒಂದು ಇಂಗ್ಲಿಷ್ ಚೀಟಿ. ಮೇಷ್ಟ್ರಮ್ಮ ರಜೆ ಹಾಕಿರಬೇಕು, ಅವರೂ ಮನುಷ್ಯರಲ್ಲವೇ, ಎಂದುಕೊಂಡು ಈ ಸಲ ನಾನೇ ಮುಂದೆ ನಿಂತು ಕೆಲಸ ಮುಗಿಸಿದೆ. ಯೂರಿಯನ್ನು ದೊಡ್ಡ ಆಫೀಸಿನ ಕಿಟಕಿಗೆ ಕರೆದುಕೊಂಡು ಹೋಗಿ, ಕ್ರಮವಾಗಿ ಹೇಳಿ ಹೋಗುವ ಶಾಸ್ತ್ರ ಮಾಡಿಸಿದೆ. ಅವಳು ಶಾಲೆಗೆ ಹೋಗುತ್ತಿದ್ದಾಗ ಪ್ರತಿ ನವೆಂಬರಿನಲ್ಲಿ ಮಾಡುತ್ತಿದ್ದ ಹಾಗೆಯೇ: ಹೋಗುವಾಗ ಹೆಸರು ತೆಗೆಸುವುದು, ಏಪ್ರಿಲಿನಲ್ಲಿ ಬಂದು ಹೆಸರು ಸೇರಿಸುವುದು. ಅವಳ ಪುಟ್ಟ ಕುರ್ಚಿ ಅಲ್ಲೇ ಕಾಯುತ್ತಿರುತ್ತಿತ್ತು. ಹೇಳದೆ ಕೇಳದೆ ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ.

ಪಾಠಗಳು ಯಾವಾಗ ಬರುತ್ತವೆ? ಈ ಸಲ ಯಾವ ಆಸ್ಪತ್ರೆ? ಚಾಯೊ ಈಗಲೇ ಬಿಳಿ ಕೋಟಿಗೆ ಇಸ್ತ್ರಿ ಹಾಕಿ ನೇತುಹಾಕಿದ್ದಾಳೆ.

ದೇವರು ನಿಮಗೆ, ನಿಮ್ಮ ಅಡುಗೆಮನೆಗೆ, ಅದರ ಕಾಫಿ ಪಾತ್ರೆಗೆ ಆಯುಸ್ಸು ಕೊಡಲಿ ಎಂದು ಹಾರೈಸುತ್ತಾ, ಕೈ ಮುಗಿದು ಅಪ್ಪಣೆ ಬೇಡುವ,
ನಿಮ್ಮ ವಿನೀತ ಸೇವಕ
ಫಿಲೆಮೋನ್ ಬರಾಗಾನ್


ಸಾನ್ ಲೂಯಿಸ್
ಡಿಸೆಂಬರ್ 14

ಮೇಷ್ಟ್ರಮ್ಮನವರಿಗೆ,

ನಾನು ಬರೆದ ಕಾಗದ ಕಾಲೇಜಿಗೆ ಹೋಗಿ, ಅಲ್ಲಿ ಯಾರ ಪರಿಚಯವೂ ಆಗದೆ, ಬೆನ್ನ ಮೇಲೆ ಮುದ್ರೆ ಹಾಕಿಸಿಕೊಂಡು ಹಿಂದಿರುಗಿದೆ. ನಿಮ್ಮ ಮನೆಯ ವಿಳಾಸವನ್ನು, ಕಣಿವೆಯಿಂದ ನಮ್ಮ ಜೊತೆಗೇ ಬಂದು ಬಿಡಾರದಲ್ಲಿ ತಲೆಗೂದಲು ಕತ್ತರಿಸುವ ಲೂಚಾ ಕೊಟ್ಟಳು. ಕೊಡುವಾಗ ದನಿ ಇಳಿಸಿ, "ಪಾಪ, ಒಫೇಲಿಯಾ" ಎಂದಳು. ಯಾಕೆ ಪಾಪ ಎಂದು ಕೇಳಿದರೆ ಇನ್ನೊಬ್ಬರ ತಲೆಗೆ ಕೈ ಹಾಕಿದಳು. ಆ ಹಳೆಯ ಕಾಗದವನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಮಡಿಸಿದ್ದು ಮಡಿಸಿದ ಹಾಗೆ.

ಪಾಠಗಳು ಇನ್ನೂ ಬಂದಿಲ್ಲ. ಸಂಜೆ ಊಟಕ್ಕೆ ಕೂತಾಗ ದಿನಾ ಕೇಳುತ್ತೇನೆ, "ಪಾಠ ಬಂತಾ ಮಗಳೇ?" ಅಂತ. "ನಾಳೆ ಬರುತ್ತೆ ಅಪ್ಪಾ" ಅನ್ನುತ್ತಾಳೆ. ಈ ಕಾಲೇಜಿನ 'ನಾಳೆ' ನಮ್ಮ ಮೇಸ್ತ್ರಿಯ 'ನಾಳೆ'ಗಿಂತ ಉದ್ದವಾಗಿದೆ. ಅಷ್ಟರವರೆಗೆ ಸುಮ್ಮನೆ ಯಾಕೆ ಕೂರಲಿ ಎಂದು ಅವಳೂ ಹೊಲಕ್ಕೆ ಬರುತ್ತಿದ್ದಾಳೆ. ನಾನು ಬಗ್ಗಿ ಕೊಯ್ದು ಕೊಡುತ್ತೇನೆ, ಅವಳು ಹಿಂದೆ ಬರುವ ಯಂತ್ರದ ಮೇಲೆ ನಿಂತು ಸೊಪ್ಪಿಗೆ ಪ್ಲಾಸ್ಟಿಕ್ ಚೀಲ ತೊಡಿಸುತ್ತಾಳೆ. ಎಷ್ಟು ಚುರುಕು ಅಂತೀರಿ! ಮೇಸ್ತ್ರಿ ಹೊಗಳಿದ. "ದೊನ್ ಫಿಲೆ, ಈ ಹುಡುಗಿ ಇಲ್ಲೇ ಹುಟ್ಟಿದ ಹಾಗಿದ್ದಾಳೆ" ಅಂದ. ಯಾಕೋ ಆ ಹೊಗಳಿಕೆಗೆ ನಾನು ಟೋಪಿ ತೆಗೆಯಲಿಲ್ಲ.

ಪುಸ್ತಕಗಳು ಮಂಚದ ಕೆಳಗಿವೆ. ಕಳೆದ ವರ್ಷ ಊಟದ ಮೇಜಿನ ಮೇಲಿರುತ್ತಿದ್ದವು. ತಟ್ಟೆ ಇಡಲು ಜಾಗವಿಲ್ಲ ಎಂದು ಚಾಯೊ ಬೈಯುತ್ತಿದ್ದಳು. ಈಗ ಜಾಗ ಬೇಕಾದಷ್ಟಿದೆ. ಚಾಯೊ ಬೈಯುತ್ತಿಲ್ಲ.

ನಿಮ್ಮ ಒಂದು ಸಾಲಿಗಾಗಿ ಕಾಯುತ್ತಾ, ಬರುವ ಕ್ರಿಸ್‌ಮಸ್ ಹಬ್ಬದ ತಮಾಲೆ ಕಡುಬುಗಳಲ್ಲಿ ನಿಮ್ಮ ಪಾಲಿನದನ್ನು ನಾನೇ ತಿಂದು ನಿಮಗೆ ಪುಣ್ಯ ತಲುಪಿಸುವೆನೆಂದು ಭರವಸೆ ಕೊಡುತ್ತಾ,
ನಿಮ್ಮ ವಿನೀತ
ಫಿಲೆಮೋನ್


ವಾಯೆ ಲಾರ್ಗೊ, ಕ್ಯಾಲಿಫೋರ್ನಿಯ
ಡಿಸೆಂಬರ್ 29

ದೊನ್ ಫಿಲೆಮೋನ್ ಅವರಿಗೆ, ಚಾಯೊ ಅವರಿಗೆ,

ನಿಮ್ಮ ಎರಡು ಕಾಗದಗಳೂ ಒಂದೇ ಲಕೋಟೆಯಲ್ಲಿ ಬಂದವು, ಅವಳಿಜವಳಿಗಳ ಹಾಗೆ. ಲೂಚಾ ಸೇರಿಸಿದ "ಪಾಪ"ವೂ ಬಂದು ತಲುಪಿತು.

ನಾನು ರಜೆಯಲ್ಲಿರಲಿಲ್ಲ. ಅಡುಗೆಮನೆಯನ್ನು ಸೆಪ್ಟೆಂಬರ್ ಕೊನೆಗೆ ಮುಚ್ಚಿದರು. ನಮ್ಮ ಮಕ್ಕಳು ಹೆಚ್ಚಾಗಿರುವ ಕಾಲೇಜುಗಳಿಗೆ ವಾಷಿಂಗ್ಟನ್ನಿನಿಂದ ಬರುತ್ತಿದ್ದ ನೆರವು ನಿಂತಿತಲ್ಲ, ಅದರಲ್ಲೇ ನನ್ನ ಸಂಬಳ, ಒಲೆಯ ಗ್ಯಾಸು, ಯೂಮಾದ ಏರ್ಪಾಡು ಎಲ್ಲ ನಡೆಯುತ್ತಿದ್ದದ್ದು. ಮೊದಲು ಅನುದಾನ ಹೋಯಿತು, ಆಮೇಲೆ ಅನುಮಾನ ಬಂತು, ಕೊನೆಗೆ ಒಂದು ಕೇಕು ಕತ್ತರಿಸಿ ಸನ್ಮಾನ ಮಾಡಿ ನನ್ನನ್ನು ಮನೆಗೆ ಕಳಿಸಿದರು. ಕೇಕಿನ ಮೇಲೆ ನನ್ನ ಹೆಸರಿನ ಕಾಗುಣಿತ ತಪ್ಪಿತ್ತು. ತಿದ್ದಲು ಹೋಗಲಿಲ್ಲ, ತಪ್ಪು ಹೆಸರಿನವಳನ್ನೇ ಕಳಿಸುತ್ತಿದ್ದಾರೆ, ನಾನು ಉಳಿದುಕೊಳ್ಳಬಹುದು ಎಂಬ ಆಸೆಯಿಂದ.

ಈಗ ಸೋದರಸಂಬಂಧಿಯ ಹೂವಿನಂಗಡಿಯಲ್ಲಿದ್ದೇನೆ. ಶವದ ಹಾರಗಳಿಗೆ ಕಟ್ಟುವ ರಿಬ್ಬನ್ನಿನ ಮೇಲೆ ಬರೆಯುವುದು ನನ್ನ ಕೆಲಸ. ಡಿಗ್ರಿ ವ್ಯರ್ಥವಾಗಲಿಲ್ಲ ನೋಡಿ. "ಪ್ರೀತಿಯ ಅಜ್ಜನಿಗೆ ಮೊಮ್ಮಕ್ಕಳಿಂದ" ಎಂದು ನಾನು ಬರೆದರೆ ವ್ಯಾಕರಣದಲ್ಲಿ ಒಂದು ದೋಷವಿರುವುದಿಲ್ಲ.

ಯೂರಿಯ ವಿಷಯ ವಿಚಾರಿಸುತ್ತೇನೆ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ಆ ದಿನ ಕಿಟಕಿಯಲ್ಲಿ ಅವಳು ಏನು ಹೇಳಿದಳು? ಆ ಕಡೆಯವರು ಏನು ಕೇಳಿದರು? ಅವಳನ್ನು ಯಾರಾದರೂ ಒಳಗೆ ಕರೆದು ಕೂರಿಸಿ ಮಾತಾಡಿಸಿದರೇ? ನೆನಪಿದ್ದಷ್ಟನ್ನು ಇದ್ದ ಹಾಗೆ ಬರೆಯಿರಿ. ಅಲಂಕಾರ ಬೇಡ; ಅದು ನಿಮಗೆ ಕಷ್ಟ ಎಂದು ಗೊತ್ತು.

ಚಾಯೊಗೆ ಅಪ್ಪುಗೆ. ಯೂರಿಗೆ... ಯೂರಿಗೆ ನಾನು ಕೇಳಿದೆನೆಂದು ಹೇಳಬೇಡಿ.

ಪ್ರೀತಿಯಿಂದ,
ಒಫೇಲಿಯಾ ತ್ರೆವಿನೊ


ಸಾನ್ ಲೂಯಿಸ್
ಜನವರಿ 11

ಮೇಷ್ಟ್ರಮ್ಮನವರಿಗೆ,

ಅಡುಗೆಮನೆ ಹೋದ ಸುದ್ದಿ ಓದಿ ಚಾಯೊ ಮಡಕೆಯ ಮುಂದೆ ಕೂತು ಅತ್ತಳು. ಕೊಯ್ಯುವ ಕೆಲಸ ನಮ್ಮದು ಅಂದುಕೊಂಡಿದ್ದೆ, ವಾಷಿಂಗ್ಟನ್ನಿನವರೂ ಕೊಯ್ಯುತ್ತಾರೆ. ನಾವು ಕೊಯ್ದ ಹೊಲದಲ್ಲಿ ಮತ್ತೆ ನೆಡುತ್ತಾರೆ, ಅಷ್ಟೇ ವ್ಯತ್ಯಾಸ.

ನೀವು ಕೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಹಬ್ಬದ ಟೋಪಿ ಹಾಕಿದ್ದೆ. ಕೈಯಲ್ಲಿ ಸಿಹಿ ಬ್ರೆಡ್ಡಿನ ಪೆಟ್ಟಿಗೆ. ದಾರಿಯಲ್ಲಿ ಯೂರಿ, "ಅಪ್ಪಾ, ಇದೆಲ್ಲಾ ಬೇಕಾ? ಕಾಲೇಜಲ್ಲಿ ಯಾರೂ ಹೀಗೆ ಹೇಳಿ ಹೋಗಲ್ಲ" ಅಂದಳು. "ಯಾರೂ ಹೇಳದೆ ಇದ್ದರೆ ನಾವು ಹೇಳೋಣ. ನಿನ್ನ ಬೆಳೆಸಿದ್ದು ನಾನು, ಆ 'ಯಾರೂ' ಅಲ್ಲ" ಅಂದೆ.

ಕಿಟಕಿಯಲ್ಲಿ ಒಂದು ಹೊಸ ಹುಡುಗಿ. ನಾನು ಟೋಪಿ ತೆಗೆದು ಶುರು ಮಾಡಿದೆ: "ನಮಸ್ಕಾರಮ್ಮ. ಇವಳು ನನ್ನ ಮಗಳು..."

"ಸರ್, ಕ್ಷಮಿಸಿ. ವಿದ್ಯಾರ್ಥಿಯ ವಿಷಯ ನಿಮ್ಮ ಹತ್ತಿರ ಮಾತಾಡೋ ಹಾಗಿಲ್ಲ."

"ನಾನು ಅವಳ ತಂದೆ ಕಣಮ್ಮ."

"ಹೌದು ಸರ್. ಅದಕ್ಕೇ."

ನಾನು ಯೂರಿಯ ಮುಖ ನೋಡಿದೆ. ಹತ್ತೊಂಬತ್ತು ವರ್ಷ ಅನ್ನ ಹಾಕಿದವನಿಗೆ ಮಗಳ ಬಗ್ಗೆ ಮಾತಾಡುವ ಹಕ್ಕಿಲ್ಲ. ಬಟನ್ ಒತ್ತುವ ಹುಡುಗಿಗೆ ಇದೆ. ಇರಲಿ, ಅದು ಅಲ್ಲಿಯ ಪದ್ಧತಿ. ಪಕ್ಕಕ್ಕೆ ಸರಿದು, ಬ್ರೆಡ್ಡಿನ ಪೆಟ್ಟಿಗೆ ಮಾತ್ರ ಕಿಟಕಿಯಲ್ಲಿಟ್ಟೆ. ಅದರ ಬಗ್ಗೆ ಯಾವ ಕಾನೂನೂ ಅಡ್ಡ ಬರಲಿಲ್ಲ.

ಯೂರಿ ಹೇಳಿದಳು: "ನಾವು ಯೂಮಾಕ್ಕೆ ಹೋಗ್ತಿದೀವಿ. ಏಪ್ರಿಲ್ ತನಕ ಇರಲ್ಲ. ಹೋಗಿ ಬರ್ತೀನಿ ಅಂತ ಹೇಳೋಕೆ ಬಂದೆ."

"ಎಲ್ಲಾ ಕ್ಲಾಸಿನಿಂದಲೂನಾ?"

ಯೂರಿ ನನ್ನ ಕಡೆ ತಿರುಗಿದಳು. ನಾನು ತಲೆ ಆಡಿಸಿದೆ. ಶಾಲೆಯಲ್ಲಿ ಎಲ್ಲ ಕ್ಲಾಸಿಗೂ ಸೇರಿಸಿಯೇ ಅಲ್ಲವೇ ಹೇಳುತ್ತಿದ್ದದ್ದು!

"ಹೌದು, ಎಲ್ಲಾ."

ಹುಡುಗಿ ಟಕಟಕ ಒತ್ತಿ, "ಆಯ್ತು. ಒಳ್ಳೇದಾಗ್ಲಿ" ಎಂದು ನಕ್ಕಳು. ನಾವೂ ನಕ್ಕೆವು. ಯಾರೂ ಒಳಗೆ ಕರೆಯಲಿಲ್ಲ, ಕೂರಿಸಲಿಲ್ಲ. ಹಿಂದೆ ಸಾಲು ಇತ್ತು.

ಮೇಷ್ಟ್ರಮ್ಮ, ನೀವು ಒಂದು ಕಿಟಕಿಯ ಬಗ್ಗೆ ಮೂರು ಪ್ರಶ್ನೆ ಕೇಳಿದ್ದೀರಿ. ನಮ್ಮ ಹೊಲದಲ್ಲಿ ಮೇಸ್ತ್ರಿ ಬಂದು ನನ್ನ ಚಾಕುವಿನ ಬಗ್ಗೆ ಮೂರು ಸಲ ಕೇಳಿದರೆ, ಯಾರದೋ ಬೆರಳು ಹೋಗಿದೆ ಅಂತ ಅರ್ಥ.

ಯಾರ ಬೆರಳು?

ಉತ್ತರಕ್ಕೆ ಕಾಯುವ,
ಫಿಲೆಮೋನ್


ವಾಯೆ ಲಾರ್ಗೊ
ಫೆಬ್ರವರಿ 8

ದೊನ್ ಫಿಲೆಮೋನ್ ಅವರಿಗೆ,

ತಡವಾಯಿತು. ಈ ಕಾಗದವನ್ನು ಬರೆದು ಹರಿದು, ಮತ್ತೆ ಬರೆದು ಹರಿದೆ. ಬೇರೆಯವರ ದುಃಖವನ್ನು ಒಂದು ಸಾಲಿನಲ್ಲಿ ಬರೆಯುವುದು ಸುಲಭ.

ಶಾಲೆಯಲ್ಲಿ ಹೇಳಿ ಹೋದವರ ಕುರ್ಚಿ ಕಾಯುತ್ತದೆ. ಕಾಲೇಜಿನಲ್ಲಿ ಹೇಳಿ ಹೋದವರ ಕುರ್ಚಿಯನ್ನು ಅವತ್ತೇ ಎತ್ತುತ್ತಾರೆ. ಅಲ್ಲಿ ಎಲ್ಲ ಕ್ಲಾಸಿನಿಂದಲೂ ಹೆಸರು ತೆಗೆಸುವುದೆಂದರೆ ಓದು ಬಿಟ್ಟ ಹಾಗೆ. ಯೂರಿಯ ನರ್ಸಿಂಗ್ ಜಾಗ ಹೋಯಿತು. ಸರ್ಕಾರದಿಂದ ಬರುತ್ತಿದ್ದ ಸಹಾಯವೂ ಅದರ ಜೊತೆಗೆ ಹೋಯಿತು. ಮತ್ತೆ ಬೇಕೆಂದರೆ ಮೊದಲಿನಿಂದ ಸರದಿಯಲ್ಲಿ ನಿಲ್ಲಬೇಕು. ಆ ಸರದಿ ವರ್ಷಗಟ್ಟಲೆ ಉದ್ದ.

ಅದಕ್ಕೇ ಪ್ರತಿ ನವೆಂಬರಿನಲ್ಲಿ ನಾನು ಆ ಕಿಟಕಿಯ ಪಕ್ಕ ನಿಂತಿರುತ್ತಿದ್ದೆ. ನಿಮ್ಮಂಥವರು ಹಬ್ಬದ ಟೋಪಿ ಹಾಕಿಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು, ಮಗನನ್ನೋ ಮಗಳನ್ನೋ ಮುಂದೆ ಮಾಡಿಕೊಂಡು ಬರುತ್ತಿದ್ದರು. ಯಾರಿಗೂ ಹೇಳದೆ ಮಾಯವಾದವರಿಗೆ, ಕಾಲೇಜು ಹೆಸರು ತೆಗೆಯುವ ಮುಂಚೆ, ನಾಲ್ಕು ವಾರದ ಗಡುವಾದರೂ ಇರುತ್ತಿತ್ತು. ಅಷ್ಟರೊಳಗೆ ಅವರನ್ನು ಹುಡುಕಿ ಹಿಡಿಯುತ್ತಿದ್ದೆ. ಮರ್ಯಾದೆಯಿಂದ ಹೇಳಿ ಹೋಗುವವರನ್ನು ಹಿಡಿಯಲು ಕಿಟಕಿಯ ಮುಂದಿನ ಆ ನಾಲ್ಕು ಹೆಜ್ಜೆ ಮಾತ್ರ ಇರುತ್ತಿತ್ತು. ತೋಳು ಹಿಡಿದು ಎಳೆದುಕೊಂಡು ಹೋಗಿ ಕಾಫಿ ಕುಡಿಸುತ್ತಿದ್ದೆ. ಕಳೆದ ವರ್ಷ ನಿಮ್ಮನ್ನೂ ಎಳೆದಿದ್ದೆ. ನಿಮಗೆ ಅದು ಉಪಚಾರ ಅನ್ನಿಸಿತ್ತು.

ನಿಮ್ಮ ಕಾಗದ ಓದಿ, ಒಳಗೆ ಕರೆದು ಕೂರಿಸಿ ತಿಳಿಸಿಲ್ಲ ಎನ್ನುವ ಒಂದೇ ಎಳೆ ಹಿಡಿದು ಡೀನರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಒಳ್ಳೆಯವರ ಹತ್ತಿರ ಜಗಳವಾಡುವುದು ಎಷ್ಟು ಕಷ್ಟ!

"ಒಫೇಲಿಯಾ, ಆ ಜಾಗ ಆಗಲೇ ಸರದಿಯಲ್ಲಿದ್ದ ಇನ್ನೊಬ್ಬಳಿಗೆ ಕೊಟ್ಟಾಯ್ತು. ಅವಳೂ ನಿಮ್ಮವಳೇ. ಅವಳ ಅಮ್ಮ ಸ್ಟ್ರಾಬೆರಿ ಬಿಡಿಸ್ತಾಳೆ. ಈಗ ಆ ಹುಡುಗೀನ ಎಬ್ಬಿಸಿ ಯೂರಿನ ಕೂರಿಸ್ಲಾ? ನೀವೇ ಹೇಳಿ."

"ಇನ್ನೊಂದು ಕುರ್ಚಿ ಹಾಕಿ."

"ಒಂದು ಕುರ್ಚಿ ಹಾಕಿದ್ರೆ ಒಬ್ಬ ಮೇಷ್ಟ್ರು ಬೇಕು, ಆಸ್ಪತ್ರೇಲಿ ಒಂದು ಜಾಗ ಬೇಕು. ದುಡ್ಡೆಲ್ಲಿದೆ? ಇರೋ ಕುರ್ಚಿಗಳನ್ನೇ ಎಣಿಸ್ತಾ ಇದ್ದಾರೆ."

"ಕಿಟಕಿಯಲ್ಲಿ ಒಬ್ಬರನ್ನಾದ್ರೂ ನಿಲ್ಲಿಸಿ ಮತ್ತೆ. 'ಹೋಗಿ ಬರ್ತೀನಿ' ಅಂದವಳನ್ನ 'ಯಾವಾಗ ಬರ್ತೀಯಮ್ಮ?' ಅಂತ ಒಂದು ಮಾತು ಕೇಳೋಕೆ ಏನು ಖರ್ಚು?"

ಡೀನ್ ಕನ್ನಡಕ ತೆಗೆದು ಒರೆಸಿದರು. "ಅದನ್ನ ಕೇಳೋಕೇ ನಿಮ್ಮನ್ನ ಇಟ್ಟುಕೊಂಡಿದ್ವಿ" ಅಂದರು.

ಬಾಗಿಲವರೆಗೆ ಬಂದು ಕಳಿಸಿದರು.

ಇನ್ನೊಂದು ಉಳಿದಿದೆ. ಮಾತು ತಪ್ಪುತ್ತಿದ್ದೇನೆ. ನವೆಂಬರ್ ಕೊನೆಯಲ್ಲಿ, ಟರ್ಕಿ ಕೋಳಿಯ ಹಬ್ಬದ ದಿನ ಯೂರಿ ನನಗೆ ಫೋನು ಮಾಡಿದ್ದಳು. ಪಾಠ ನೋಡೋಣ ಎಂದು ಕಂಪ್ಯೂಟರಿನಲ್ಲಿ ಹೋದರೆ ಕಾಲೇಜು ಒಳಗೆ ಬಿಡಲಿಲ್ಲವಂತೆ. ವಿಚಾರಿಸಿ ಎಲ್ಲ ತಿಳಿದುಕೊಂಡಿದ್ದಳು. ಅತ್ತದ್ದು ನಾನು, ಅವಳು ಅಳಲಿಲ್ಲ. "ಅಪ್ಪಂಗೆ ಹೇಳಬೇಡಿ ಮೇಷ್ಟ್ರಮ್ಮ. ಆ ದಿನ ಹಬ್ಬದ ಟೋಪಿ ಹಾಕ್ಕೊಂಡು ಬಂದಿದ್ದ. ಕಿಟಕಿಯಿಂದ ಆಚೆ ಬಂದಾಗ ಎಷ್ಟು ಖುಷಿಯಾಗಿದ್ದ ಅಂದ್ರೆ, ದಾರಿಯಲ್ಲಿ ಐಸ್‌ಕ್ರೀಮ್ ಕೊಡಿಸಿದ" ಅಂದಳು.

ನೀವು ಕೇಳಿದಿರಿ, ಯಾರ ಬೆರಳೆಂದು. ಸುಳ್ಳು ಬರೆಯಲು ಆಗಲಿಲ್ಲ.

ಒಫೇಲಿಯಾ


ಸಾನ್ ಲೂಯಿಸ್
ಮಾರ್ಚ್ 1

ಮೇಷ್ಟ್ರಮ್ಮನವರಿಗೆ,

ಕಾಗದ ಬಂತು. ಚಾಯೊಗೆ ಓದಿ ಹೇಳಿಲ್ಲ. ಚಾಯೊ ಕೇಳಿಲ್ಲ. ಬಿಳಿ ಕೋಟನ್ನು ಮಡಿಸಿ ಒಳಗಿಟ್ಟಿದ್ದಾಳೆ. ಯಾವತ್ತು ಇಟ್ಟಳೋ ನಾನು ನೋಡಲಿಲ್ಲ.

ಕಾಲೇಜಿಗೆ ಹೋಗಿ ಮಗಳು ಹೆಸರು ತೆಗೆಯುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಕೈ ಹಿಡಿದು ಕರೆದುಕೊಂಡು ಹೋಗಿ ಹೆಸರು ತೆಗೆಸಿದವನು ನಾನೇ. ಇದು ತಮಾಷೆ. ನಗಬೇಕೆಂದರೆ ನಗಬಹುದು. ನಾನು ಪ್ರಯತ್ನ ಮಾಡಿ ನೋಡಿದೆ.

ನಿಮ್ಮ ಕಾಗದ ಬಂದ ಸಂಜೆ ಊಟಕ್ಕೆ ಕೂತೆವು. ಪಾಠ ಬಂತಾ ಎಂದು ಕೇಳಲಿಲ್ಲ. ಹೇಗೆ ಕೇಳಲಿ? ಮಾರನೆಯ ದಿನವೂ ಕೇಳಲಿಲ್ಲ. ಮೂರನೆಯ ದಿನ ಯೂರಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು, ಜ್ವರ ಬಂದವರನ್ನು ನರ್ಸು ನೋಡುವ ಹಾಗೆ. ನನಗೆ ಹೆದರಿಕೆಯಾಯಿತು. ನನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾದರೆ ಅವಳು ಇಷ್ಟು ದಿನ ನನ್ನಿಂದ ಮುಚ್ಚಿಟ್ಟು ನಕ್ಕಿದ್ದೆಲ್ಲ ದಂಡವಾಗುತ್ತದಲ್ಲ. ತಕ್ಷಣ ಕೇಳಿದೆ, "ಪಾಠ ಬಂತಾ ಮಗಳೇ?"

"ನಾಳೆ ಬರುತ್ತೆ ಅಪ್ಪಾ" ಅಂದಳು. ರೊಟ್ಟಿ ಮುರಿದು ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದಳು.

ಅಂದಿನಿಂದ ತಪ್ಪದೆ ಕೇಳುತ್ತೇನೆ. ಅವಳು ತಪ್ಪದೆ ಹೇಳುತ್ತಾಳೆ. ಹಗಲು ನಾನು ಬಗ್ಗಿ ಕೊಯ್ಯುತ್ತೇನೆ, ಬೆನ್ನ ಹಿಂದೆ ಅವಳ ಯಂತ್ರ ಬರುತ್ತದೆ. ತಿರುಗಿ ನೋಡುವುದಿಲ್ಲ. ಅವಳ ಕೈಯ ಸದ್ದು ಗುರುತು ಸಿಗುತ್ತದೆ. ತಂಡದಲ್ಲಿ ಎಲ್ಲರಿಗಿಂತ ಚುರುಕು.

ನೀವು ಬರೆದಿರೆಂದು ಅವಳಿಗೆ ಹೇಳುವುದಿಲ್ಲ. ನೀವೂ ಹೇಳಬೇಡಿ.

ಫಿಲೆಮೋನ್


ವಾಯೆ ಲಾರ್ಗೊ, ಕಾರ್ಮಿಕರ ವಸತಿ
ಏಪ್ರಿಲ್ 19

ಮೇಷ್ಟ್ರಮ್ಮನವರಿಗೆ,

ವಾಪಸು ಬಂದೆವು. ನಿಮ್ಮ ಅಂಗಡಿ ಇಲ್ಲಿಂದ ನಡೆದುಹೋಗುವಷ್ಟೇ ದೂರ. ಆದರೂ ಬರೆಯುತ್ತಿದ್ದೇನೆ. ಮುಖ ನೋಡಿ ಹೇಳಲಾಗದ್ದನ್ನು ಕಾಗದ ಹೇಳಿಸಿಕೊಳ್ಳುತ್ತದೆ.

ಬಸ್ಸು ಕಾಲೇಜಿನ ಮುಂದೆಯೇ ಬಂತು. ಹುಲ್ಲಿನ ಮೇಲೆ ಮಕ್ಕಳು ಕೂತು ಓದುತ್ತಿದ್ದರು. ನಮ್ಮವರ ಮಕ್ಕಳೂ ಇದ್ದರು, ದೂರದಿಂದಲೇ ಗೊತ್ತಾಗುತ್ತದೆ. ಸ್ಟ್ರಾಬೆರಿಯವಳ ಮಗಳು ಯಾರೋ, ಅವಳಿಗೂ ದೇವರು ಒಳ್ಳೆಯದು ಮಾಡಲಿ. ಅವಳ ಅಪ್ಪ ಬದುಕಿದ್ದರೆ ಟೋಪಿ ಮನೆಯಲ್ಲೇ ಬಿಟ್ಟು ಬರಲಿ.

ಯೂರಿ ಕಿಟಕಿಯ ಪಕ್ಕ ಕೂತಿದ್ದಳು. ಕಾಲೇಜು ಬಂದಾಗ ಈ ಕಡೆ ತಿರುಗಿ, ನನ್ನ ಅಂಗಿಯ ಗುಂಡಿ ಸಡಿಲವಾಗಿದೆ ಎಂದು ಅದನ್ನೇ ಹಿಡಿದು ನೋಡತೊಡಗಿದಳು. ಗುಂಡಿ ಗಟ್ಟಿಯಾಗಿಯೇ ಇತ್ತು. ಊಟದ ಹೊತ್ತಲ್ಲದಿದ್ದರೂ, ಅಭ್ಯಾಸಬಲದಿಂದ ಬಾಯಿ ತಾನಾಗಿಯೇ ಕೇಳಿಬಿಟ್ಟಿತು, "ಪಾಠ ಬಂತಾ ಮಗಳೇ?"

ಅವಳು ಗುಂಡಿ ಬಿಡಲಿಲ್ಲ. ಮೆಲ್ಲಗೆ ಹೇಳಿದಳು:

"ಇನ್ನು ಕೇಳಬೇಡ ಅಪ್ಪಾ. ದಿನಾ ಕೇಳಿ ಕೇಳಿ ನಿಂಗೂ ಸುಸ್ತಾಗಿದೆ."

ಮುಂದಿನ ಸೀಟಿನಲ್ಲಿ ಚಾಯೊ ಮಡಕೆಯನ್ನು ಅಪ್ಪಿಕೊಂಡು ಕೂತಿದ್ದಳು. ಹಿಂದಿರುಗಿ ನೋಡಲಿಲ್ಲ. ಮೂವರಿಗೂ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು.

ನಾಳೆಯಿಂದ ಇಲ್ಲಿ ಕೊಯ್ಲು ಶುರು. ಮೇಸ್ತ್ರಿ ಯೂರಿಯ ಹೆಸರನ್ನು ಅವಳು ಕೇಳುವ ಮುಂಚೆಯೇ ಸೇರಿಸಿಕೊಂಡಿದ್ದಾನೆ. ಅವಳ ಜಾಗ ಅಲ್ಲಿ ಕಾಯುತ್ತಿತ್ತು.

ನನ್ನ ಕಾಗದಗಳ ಕೊನೆಯಲ್ಲಿ ಉದ್ದನೆಯ ವಿದಾಯ ಇರುತ್ತಿತ್ತು, ನೀವು ಓದಿ ನಗುತ್ತಿದ್ದಿರಿ ಎಂದು ಗೊತ್ತು. ಈ ಸಲ ಇಲ್ಲ. ಹೇಳಿ ಹೋಗುವ ಅಭ್ಯಾಸ ಬಿಟ್ಟಿದ್ದೇನೆ.

ಫಿಲೆಮೋನ್